ಎರಡನೆಯ ಭಾಗ ಯಾವುದು?

ಗೆದ್ದ ಆಟಕ್ಕೆ ಉತ್ತರಭಾಗ ಬರುವುದು ವಿಡಿಯೋ ಗೇಮ್ ಲೋಕದ ವಾಡಿಕೆ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ಗೆ ಮಾತ್ರ ಎರಡನೆಯ ಭಾಗಗಳೇ ಎರಡು! 1986ರಲ್ಲಿ ನಿಂಟೆಂಡೊ ಕಂಪನಿ ತವರು ಜಪಾನಿನಲ್ಲಿ ಹೊರತಂದದ್ದು ಹಳೆಯ ಅಚ್ಚಿನದೇ, ಕಷ್ಟವಷ್ಟೇ ಹೆಚ್ಚು. ಅಮೆರಿಕದವರಿಗೆ ಇದು ತೀರಾ ಕಠಿಣವೆಂದು ಕಂಪನಿಯ ಅಲ್ಲಿನ ಶಾಖೆಗೆ ತೋರಿತು. ಆಗ ತನ್ನದೇ ‘ಡೋಕಿ ಡೋಕಿ ಪ್ಯಾನಿಕ್’ (1987) ಎಂಬ ಬೇರೆ ಆಟದ ನಾಲ್ವರು ನಾಯಕರನ್ನು ತೆಗೆದು, ಮಾರಿಯೋ ಬಳಗವನ್ನು ಕೂರಿಸಿ, 1988ರಲ್ಲಿ ಎರಡನೆಯ ಭಾಗವೆಂದು ಅಮೆರಿಕಕ್ಕೆ ಕೊಟ್ಟಿತು. ಅದರಲ್ಲಿ ಶತ್ರುವಿನ ತಲೆ ಮೆಟ್ಟಿದರೆ ಅವನು ಸಾಯುವುದಿಲ್ಲ. ನೆಲದಿಂದ ತರಕಾರಿ ಕಿತ್ತು ಎಸೆಯಬೇಕು.

ಇದು ಮಾರಿಯೋ ಆಟವೇ ಅಲ್ಲವೆಂಬ ಆಕ್ಷೇಪ ಸುಳ್ಳಲ್ಲ. ಆದರೂ ಹೊಸತನ ಇದ್ದದ್ದು ಈ ದತ್ತುಮಗುವಿನಲ್ಲೇ. ಇದರ ಮುಖವಾಡಧಾರಿ ಶೈ ಗೈ ಮುಂದಿನ ಮಾರಿಯೋ ಆಟಗಳಲ್ಲೂ ನೆಲೆಯೂರಿದ. 1992ರಲ್ಲಿ ಆಟವೇ ‘ಸೂಪರ್ ಮಾರಿಯೋ ಯುಎಸ್‌ಎ’ ಎಂಬ ಹೆಸರು ಹೊತ್ತು ಜಪಾನಿಗೆ ಮರಳಿತು.