ಹೈಡ್ರಾಲಿಕ್ ಕ್ಲಚ್ ದೋಷ: ಗೇರ್‌ಬಾಕ್ಸ್ ಇಳಿಸುವ ಮುನ್ನ

ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಮಾರುಕಟ್ಟೆಗೆ ಬಂದ, 2005ರಲ್ಲಿ ತಯಾರಿಕೆ ನಿಂತ ಕ್ವಾಲಿಸ್ ವಾಹನವನ್ನು ಇಂದಿಗೂ ಉಳಿಸಿಕೊಂಡಿರುವ ವ್ಯಾಪಾರಸ್ಥರುಂಟು. ಸವಕಳಿ ಕಳೆದರೆ ಲೆಕ್ಕಪುಸ್ತಕದಲ್ಲಿ ಅದರ ಮೌಲ್ಯ ಅತ್ಯಲ್ಪ. ದುಡಿಮೆ ಮಾತ್ರ ಅಲ್ಪವಲ್ಲ. ಇಂತಹ ವಾಹನದಲ್ಲಿ ಗೇರ್ ಬೀಳದಿದ್ದರೆ ‘ಕ್ಲಚ್ ಪ್ಲೇಟ್ ಹೋಗಿದೆ’ ಎಂಬ ಮಾತು ಗ್ಯಾರೇಜಿನಲ್ಲಿ ಬೇಗನೆ ಕೇಳಿಬರುತ್ತದೆ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ದೋಷವಾದರೋ ಹೊರಗಿನ ಸಿಲಿಂಡರಿನ ಸಣ್ಣ ರಬ್ಬರ್ ಸೀಲಿನಲ್ಲಿ ಇರಬಹುದು.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಕೊಳವೆಯ ಮೂಲಕ ಗೇರ್‌ಬಾಕ್ಸ್ ಬದಿಯ ಸ್ಲೇವ್ ಸಿಲಿಂಡರಿಗೆ ತಳ್ಳುತ್ತದೆ. ಅದರ ಕಡ್ಡಿಯು ಫೋರ್ಕನ್ನು ಸರಿಸಿ ಕ್ಲಚ್ ಬಿಡಿಸುತ್ತದೆ. ಆಯಿಲ್ ಒತ್ತಡಕ್ಕೆ ಕುಗ್ಗದು, ಗಾಳಿ ಕುಗ್ಗುತ್ತದೆ. ಆದುದರಿಂದ ಪೆಡಲನ್ನು ನಾಲ್ಕೈದು ಬಾರಿ ಬೇಗಬೇಗನೆ ಒತ್ತಿದ ಮೇಲೆ ಗೇರ್ ಸರಾಗವಾಗಿ ಬಿದ್ದರೆ, ಗಾಳಿ ಸೇರಿದೆ ಅಥವಾ ಆಯಿಲ್ ಸೋರುತ್ತಿದೆ ಎಂದು ಶಂಕಿಸಬೇಕು. ಪೆಡಲಿನ ಹಿಂಬದಿ ಒದ್ದೆಯಾಗಿದ್ದರೆ ಮಾಸ್ಟರ್, ಸ್ಲೇವಿನ ರಬ್ಬರ್ ಹೊದಿಕೆಯೊಳಗೆ ಒದ್ದೆಯಾಗಿದ್ದರೆ ಸ್ಲೇವ್. ಎಲ್ಲಿಯೂ ಸೋರಿಕೆ ಕಾಣದೆ, ಒತ್ತಿಹಿಡಿದ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರಿನ ಒಳಸೀಲ್ ಸವೆದಿರುವ ಸಂಭವ ಹೆಚ್ಚು.

ನಿರ್ಣಾಯಕ ಪರೀಕ್ಷೆ ಇನ್ನೊಂದಿದೆ. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಒಬ್ಬರು ಪೆಡಲ್ ಒತ್ತಿದಾಗ ಮತ್ತೊಬ್ಬರು ಸ್ಲೇವಿನ ಕಡ್ಡಿಯ ಚಲನೆಯನ್ನು ನೋಡಬೇಕು. (ಬರಿಯ ಜಾಕಿನ ಮೇಲೆ ನಿಂತ ವಾಹನದಡಿ ಯಾರೂ ನುಸುಳಬಾರದು.) ಕಡ್ಡಿ ಅರ್ಧಕ್ಕೇ ನಿಂತರೆ ದೋಷ ಹೈಡ್ರಾಲಿಕ್ ಭಾಗದ್ದು, ಗೇರ್‌ಬಾಕ್ಸ್ ಮುಟ್ಟಬೇಕಾಗಿಲ್ಲ. ಪೂರ್ಣ ಚಲಿಸಿಯೂ ಕ್ಲಚ್ ಬಿಡದಿದ್ದರೆ ಮಾತ್ರ ಒಳಗಿನ ಪ್ರೆಷರ್ ಪ್ಲೇಟ್, ಬೇರಿಂಗ್, ಫೋರ್ಕುಗಳನ್ನು ನೋಡಬೇಕು. ಏರಿನಲ್ಲಿ ಎಂಜಿನ್ ಸದ್ದು ಏರಿಯೂ ವೇಗ ಏರದಿದ್ದರೆ ಪ್ಲೇಟ್ ಸವೆದಿರುವುದೇ ಸಾಮಾನ್ಯ. ಆದರೂ ಹೋಸ್ ಒಳಗೆ ಊದಿಕೊಂಡು ಆಯಿಲ್ ಹಿಂತಿರುಗದಿದ್ದಾಗಲೂ ಇದೇ ಲಕ್ಷಣ ತೋರುತ್ತದೆ.

ಮುಚ್ಚಳದ ಮೇಲೆ ಸೂಚಿಸಿದ ದರ್ಜೆಯ ಬ್ರೇಕ್ ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಊದಿ ಕೆಡುತ್ತವೆ. ಸಿಲಿಂಡರ್ ಬಿಚ್ಚಿದ ಮೇಲೆ ಏರ್ ತೆಗೆಸುವುದು ಕಡ್ಡಾಯ.

ಬಿಲ್ಲಿನ ವಿಷಯದಲ್ಲಿ ಒಂದು ಮಾತು. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನವನ್ನು ಸಂಸ್ಥೆಯ ಸ್ವಂತ ಓಡಾಟಕ್ಕೆ ಬಳಸುತ್ತಿದ್ದರೆ, ದುರಸ್ತಿಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಅನಗತ್ಯವಾಗಿ ಗೇರ್‌ಬಾಕ್ಸ್ ಇಳಿಸಿದ ಕೂಲಿಯ ಜೊತೆಗೆ ಅದರ ತೆರಿಗೆಯೂ ಮಾಲೀಕನ ಕೈಯಿಂದಲೇ ಹೋಗುತ್ತದೆ. ಆದುದರಿಂದ ಕಡ್ಡಿಯ ಪರೀಕ್ಷೆಯನ್ನು ತನ್ನೆದುರಿಗೇ ಮಾಡಿಸಿ, ಅನಂತರವೇ ಕೆಲಸಕ್ಕೆ ಒಪ್ಪಿಗೆ ಕೊಡುವುದು ಲೇಸು.