ಹೊಸ ಬೈಕು, ಜೋಮು ಹಿಡಿದ ಬೆರಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ದಾವಣಗೆರೆಗೆ ಬೈಕಿನಲ್ಲಿ ಬಂದುಹೋಗುವ ಹುಡುಗರು ನಿಮ್ಮ ಮನೆಯಲ್ಲೂ ಇರಬಹುದು. ವರ್ಷಗಟ್ಟಲೆ ಸ್ಪ್ಲೆಂಡರ್‌ನಂಥ ಸಾದಾ ಬೈಕು ಓಡಿಸಿದವನು ಈಗ ಮುಂದಕ್ಕೆ ಬಾಗಿ ಕೂರುವ ಸ್ಪೋರ್ಟ್ಸ್ ಬೈಕು ಕೊಂಡಿದ್ದಾನೆ ಎಂದಿಟ್ಟುಕೊಳ್ಳಿ. ಕೆಲವೇ ದಿನಗಳಲ್ಲಿ ಮಣಿಕಟ್ಟು ನೋಯುತ್ತದೆ, ಬೆರಳುಗಳಿಗೆ ಜೋಮು ಹಿಡಿಯುತ್ತದೆ. ದೂರದ ಪ್ರಯಾಣದ ಆಯಾಸವೆಂದು ಮನೆಯವರು ಮುಲಾಮು ತಿಕ್ಕುತ್ತಾರೆ. ಆದರೆ ಹೆಚ್ಚಿನ ತೊಂದರೆ ದೂರದ ದಾರಿಯದಲ್ಲ, ಪಟ್ಟಣದೊಳಗಿನ ಕೊನೆಯ ಎರಡು ಮೂರು ಕಿಲೋಮೀಟರಿನದು.

ಸಾದಾ ಬೈಕಿನಲ್ಲಿ ನೀವು ಕುರ್ಚಿಯಲ್ಲಿ ಕುಳಿತಂತೆ ನೆಟ್ಟಗೆ ಕೂರುತ್ತೀರಿ. ಮೈಭಾರವನ್ನು ಸೀಟು ಹೊರುತ್ತದೆ. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ತಗ್ಗಿನಲ್ಲಿದೆ, ಕಾಲಿಡುವ ಜಾಗ ಹಿಂದಕ್ಕಿದೆ. ಬಯಲು ರಸ್ತೆಯಲ್ಲಿ ಎದುರುಗಾಳಿ ಎದೆಗೆ ಒತ್ತಿ ಸ್ವಲ್ಪ ಭಾರ ತಾನೇ ಹೊರುತ್ತದೆ. ಪಿ.ಬಿ. ರಸ್ತೆಯಲ್ಲಿ ಆಟೋ, ಬಸ್ಸುಗಳ ನಡುವೆ ತೆವಳುವಾಗ ಆ ಗಾಳಿಯ ಆಸರೆ ಇಲ್ಲ. ಮುಂದಕ್ಕೆ ವಾಲಿದ ಭಾರ ಅಂಗೈಗಳ ಮೇಲೆ ಬೀಳುತ್ತದೆ. ಮೇಲಾಗಿ ಮತ್ತೆ ಮತ್ತೆ ಕ್ಲಚ್ ಹಿಡಿಯಬೇಕು, ಹೆಲ್ಮೆಟ್ ಹೊತ್ತ ಕತ್ತನ್ನು ಎತ್ತಿಯೇ ಇರಬೇಕು.

ಯಾವ ಬೆರಳಿಗೆ ಜೋಮು ಎಂಬುದನ್ನು ಗಮನಿಸಿ. ಮಣಿಕಟ್ಟಿನ ನಡುವೆ ಇಕ್ಕಟ್ಟಾದ ಸುರಂಗದಂಥ ದಾರಿಯಲ್ಲಿ ಒಂದು ನರ ಹಾದುಹೋಗುತ್ತದೆ. ಕೈ ಮಡಿಸಿ ಒತ್ತಿದಾಗ ಅದು ನಲುಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಕಿರುಬೆರಳು, ಉಂಗುರಬೆರಳಿಗೆ ಜೋಮು ಹಿಡಿದರೆ ಅಂಗೈಯ ಹೊರಅಂಚಿನ ನರ ಹ್ಯಾಂಡಲ್‌ಗೆ ಒತ್ತಿರುವ ಸಾಧ್ಯತೆ ಹೆಚ್ಚು. ವೈದ್ಯರಿಗೆ ಇದನ್ನು ಹೇಳಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಪರಿಹಾರ ಮಂಡಿಯಲ್ಲಿದೆ! ಎರಡೂ ಮಂಡಿಗಳಿಂದ ಪೆಟ್ರೋಲ್ ಟ್ಯಾಂಕನ್ನು ಹಿತವಾಗಿ ಒತ್ತಿ ಹಿಡಿಯಿರಿ; ಮೈಯನ್ನು ಹೊಟ್ಟೆ, ಬೆನ್ನಿನ ಸ್ನಾಯುಗಳು ಹೊರಲಿ. ಮೊಣಕೈ ಸ್ವಲ್ಪ ಮಡಿಸಿ ಸಡಿಲವಾಗಿರಲಿ. ಮುಂಗೈ ಮತ್ತು ಹಸ್ತ ಒಂದೇ ನೇರದಲ್ಲಿ ಬರುವಂತೆ ಕ್ಲಚ್, ಬ್ರೇಕ್ ಲಿವರ್‌ಗಳ ಓರೆಯನ್ನು ಮೆಕ್ಯಾನಿಕ್‌ನಿಂದ ಸರಿಪಡಿಸಿಕೊಳ್ಳಿ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ, ನೆಟ್ಟಗೆ ಕುಳಿತು ಬೆರಳು ಬಿಚ್ಚಿ ಮುಚ್ಚಿ. ಬೇಸಗೆಯಲ್ಲಿ ಎಂಜಿನ್ನಿನ ಬಿಸಿ ತೊಡೆಗೆ ಹೊಡೆಯುವುದರಿಂದ ನೀರು ಜೊತೆಗಿರಲಿ.

ತೂಕದ ಮಾತೂ ಇದೆ. ಸ್ಪ್ಲೆಂಡರ್ ಸುಮಾರು 112 ಕಿಲೋ. 2008ರಲ್ಲಿ ಬಂದ ಯಮಹಾ ಆರ್15ರ ಈಚಿನ ಮಾದರಿ 140 ಕಿಲೋ ದಾಟುತ್ತದೆ, ಸೀಟೂ ಎತ್ತರ. ಹ್ಯಾಂಡಲ್ ಹೆಚ್ಚು ತಿರುಗುವುದಿಲ್ಲ. ಗಿಡ್ಡನೆಯವರು ತುದಿಗಾಲಿನಲ್ಲಿ ನಿಂತು ಗುಂಡಿ ತಪ್ಪಿಸಲು ಹೋಗಿ ನಿಂತಲ್ಲೇ ಬೀಳುವುದುಂಟು. ಹಿಂದಿನ ಸೀಟು ಇನ್ನೂ ಎತ್ತರ. ಬ್ರೇಕ್ ಹಾಕಿದಾಗ ಅಲ್ಲಿ ಕುಳಿತವರ ಭಾರವೂ ಸವಾರನ ಮಣಿಕಟ್ಟಿಗೇ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಹಳೆಯ ಬೈಕೇ ವಾಸಿ.

ಬೈಕಿನಿಂದಿಳಿದ ಮೇಲೂ ಜೋಮು ಉಳಿದರೆ, ರಾತ್ರಿ ಎಚ್ಚರವಾಗಿ ಕೈ ಕೊಡವುವಂತಾದರೆ, ಅಂಗಿಯ ಗುಂಡಿ ಹಾಕಲು ಕಷ್ಟವಾದರೆ, ಕುತ್ತಿಗೆಯ ನೋವು ತೋಳಿಗಿಳಿದರೆ ನೋವಿನ ಮಾತ್ರೆ ನುಂಗುತ್ತ ಕೂರಬೇಡಿ. ಬಹುಕಾಲ ಒತ್ತಿದ ನರ ಸೋತರೆ ಹೆಬ್ಬೆರಳ ಬುಡದ ಸ್ನಾಯು ಕರಗುತ್ತದೆ. ಅದು ಮರಳುವುದು ಕಷ್ಟ. ಮೂಳೆ ಅಥವಾ ನರರೋಗ ತಜ್ಞರು ಬೇಕಾದರೆ ನರದ ವೇಗ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಮಧುಮೇಹ, ಥೈರಾಯ್ಡ್, ಬಿ12 ಕೊರತೆಯಿಂದಲೂ ಬೆರಳು ಜೋಮು ಹಿಡಿಯುವುದುಂಟು. ಬೈಕಿನ ಮೇಲೆ ಪೂರ್ತಿ ತಪ್ಪು ಹೊರಿಸುವ ಮೊದಲು ರಕ್ತಪರೀಕ್ಷೆಯೂ ಆಗಲಿ.