ತನ್ನ ಸಂತೋಷಕ್ಕೆ ಆಡಿದವನು

ಭಾನುವಾರ ಬೆಳಗಾದರೆ ನಮ್ಮ ಕಟ್ಟಡದ ಹಿಂದಿನ ಅಂಗಳದಲ್ಲಿ ಎರಡು ಪಂಗಡಗಳು ಜಗಳಕ್ಕೆ ನಿಲ್ಲುತ್ತವೆ. ಒಂದು ಕ್ರಿಕೆಟ್ಟಿನವರದು, ಇನ್ನೊಂದು ಫುಟ್‌ಬಾಲಿನವರದು. ಜಾಗವಿರುವುದು ಒಂದಕ್ಕೆ ಮಾತ್ರ. ಮೊನ್ನೆ ನಮ್ಮ ಚಿರಂಜೀವಿ ಬಂದು, "ಅಪ್ಪಾ, ನಾನು ಯಾವ ಕಡೆ ಸೇರಲಿ?" ಎಂದು ಕೇಳಿದ. "ಮೊದಲು ಲೆಕ್ಕದ ಕಡೆ ಸೇರು" ಎಂದೆ. ಅವನ ತಾಯಿ ಅಡಿಗೆಮನೆಯಿಂದಲೇ, "ಹುಡುಗ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳಬಾರದೆ?" ಎಂದಳು. ಉತ್ತರ ಹುಡುಕುತ್ತಿದ್ದಾಗ ನೆನಪಿಗೆ ಬಂದವನು ಆಲ್ಫ್ರೆಡ್ ಲಿಟಲ್ಟನ್.

ಈತ 1857ರಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನವೊಂದರಲ್ಲಿ ಹುಟ್ಟಿದ. ಎಂಟು ಮಂದಿ ಸೋದರರಲ್ಲಿ ಕಿರಿಯವನು. ಈಟನ್ ಶಾಲೆಯಲ್ಲೂ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲೂ ಓದಿದ. ಇಂಗ್ಲೆಂಡಿನ ಪರವಾಗಿ ಕ್ರಿಕೆಟ್ಟು, ಫುಟ್‌ಬಾಲು ಎರಡನ್ನೂ ಆಡಿದವರಲ್ಲಿ ಈತನೇ ಮೊದಲಿಗ.

1877ರ ಮಾರ್ಚ್ 3ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಫುಟ್‌ಬಾಲ್ ಪಂದ್ಯ ನಡೆಯಿತು. ಸ್ಕಾಟ್ಲೆಂಡಿನವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ 3 ಗೋಲು ಹೊಡೆದು ಗೆದ್ದರು. ಇಂಗ್ಲೆಂಡಿನ ಒಂದೇ ಗೋಲು ಲಿಟಲ್ಟನ್ನನದು. ಆದರೆ ಚೆಂಡು ಸಿಕ್ಕಿತೆಂದರೆ ಇವನು ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲವಂತೆ. ಜೊತೆಯ ಆಟಗಾರ ಮಾಸ್‌ಫೋರ್ತ್ ಗೊಣಗಿದ್ದಕ್ಕೆ, ತಾನು ಆಡುವುದು ಕೇವಲ ತನ್ನ ಸಂತೋಷಕ್ಕೆ ಎಂದು ಉತ್ತರ ಕೊಟ್ಟನೆಂದು ಹೇಳುತ್ತಾರೆ. ಕಚೇರಿಯಲ್ಲಿ ನಾವು ಹೀಗೆಂದರೆ ಕಡತ ಮುಂದಿನ ಮೇಜಿಗೆ ಹೋದೀತೆ!

ಆ ಮಾತಿನ ಹಿಂದೆ ಅವನ ಕಾಲವೂ ಇತ್ತು. ಕೂಲಿಯಿಲ್ಲದೆ ಆಡುವವನು 'ಜೆಂಟಲ್‌ಮನ್'. ಹೊಟ್ಟೆಪಾಡಿಗೆ ಆಡುವವನು ಬರಿಯ 'ಪ್ಲೇಯರ್'. ನಾಟಿಂಗ್‌ಹ್ಯಾಮಿನ ವಿಲಿಯಂ ಗನ್ ಕೂಡ ಇಂಗ್ಲೆಂಡಿಗೆ ಎರಡೂ ಆಟ ಆಡಿದವನೇ. ಆದರೆ ಅವನಿಗೆ ಕ್ರಿಕೆಟ್ಟು ಜೀವನೋಪಾಯ. 1885ರಲ್ಲಿ ಪಾಲುದಾರನೊಡನೆ ಬ್ಯಾಟು ಮಾಡುವ ವ್ಯಾಪಾರವನ್ನೂ ಹೂಡಿದ. ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ ಈ ಪಂಕ್ತಿಭೇದ ತೊಲಗಿದ್ದು 1962ರಲ್ಲಿ. ಅಕ್ಕಿಬೇಳೆಯ ಚಿಂತೆಯಿಲ್ಲದವನಿಗೆ ಸಂತೋಷಕ್ಕೆ ಆಡುವುದು ಸುಲಭ.

ಇಷ್ಟೇ ಆಗಿದ್ದರೆ ಲಿಟಲ್ಟನ್ನನನ್ನು ಮರೆತುಬಿಡುತ್ತಿದ್ದೆ. ಆದರೆ ಏಳು ವರ್ಷಗಳ ನಂತರ, 1884ರ ಆಗಸ್ಟಿನಲ್ಲಿ, ಅದೇ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಟೆಸ್ಟ್ ಪಂದ್ಯ. ಇವನು ಇಂಗ್ಲೆಂಡಿನ ವಿಕೆಟ್‌ಕೀಪರ್. ಆಸ್ಟ್ರೇಲಿಯದ ಮರ್ಡಾಕ್ 211 ಓಟ ಹೊಡೆದ. ಟೆಸ್ಟಿನ ಮೊದಲ ದ್ವಿಶತಕವೇ ಅದು. ಇನ್ನಿಬ್ಬರು ಶತಕ ಬಾರಿಸಿದರು. ಬೌಲರುಗಳ ತೋಳು ಸೋತಿತು. ನಾಯಕ ಲಾರ್ಡ್ ಹ್ಯಾರಿಸ್ ಹನ್ನೊಂದು ಮಂದಿಯ ಕೈಗೂ ಚೆಂಡು ಕೊಟ್ಟು ನೋಡಿದ. (ಧಾರವಾಡ ಬೆಳಗಾವಿಗಳೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತಕ್ಕೆ 1890ರಿಂದ 1895ರವರೆಗೆ ಗವರ್ನರ್ ಆಗಿದ್ದವನು ಇವನೇ. ಮುಂಬಯಿಯ ಶಾಲಾ ಹುಡುಗರು ಆಡುವ ಹ್ಯಾರಿಸ್ ಷೀಲ್ಡ್ ಇವನ ಹೆಸರಿನದು.) ಕೊನೆಗೆ ವಿಕೆಟ್ಟಿನ ಹಿಂದೆ ಡಬ್ಲ್ಯು. ಜಿ. ಗ್ರೇಸ್ ನಿಂತ, ಲಿಟಲ್ಟನ್ ಚೆಂಡು ಹಿಡಿದ. ತೋಳು ಮೇಲೆತ್ತದೆ, ಸೊಂಟದ ಕೆಳಗಿನಿಂದ ಮೆಲ್ಲನೆ ತೂರುವ ಹಳೆಯ ಕಾಲದ ಬೌಲಿಂಗ್! ನೋಡುವವರು ನಕ್ಕಿದ್ದರೂ ನಗಬಹುದಿತ್ತು. 19 ಓಟ ಕೊಟ್ಟು 4 ವಿಕೆಟ್ ಕಿತ್ತ. ಆಸ್ಟ್ರೇಲಿಯ 551ಕ್ಕೆ ಮುಗಿಯಿತು, ಪಂದ್ಯ ಸಮವಾಯಿತು. ಚೆಂಡು ಬಿಡಲೊಲ್ಲದವನು ಈಗ ತನ್ನದಲ್ಲದ ಕೆಲಸವನ್ನು ತಂಡಕ್ಕಾಗಿ ಮಾಡಿದ್ದ.

ಮುಂದೆ ವಕೀಲನಾದ, 1895ರಲ್ಲಿ ಪಾರ್ಲಿಮೆಂಟಿಗೆ ಹೋದ, 1903ರಿಂದ 1905ರವರೆಗೆ ವಸಾಹತುಗಳ ಮಂತ್ರಿಯಾದ. ದಕ್ಷಿಣ ಆಫ್ರಿಕದ ಗಣಿಗಳಿಗೆ ಚೀನೀ ಕೂಲಿಗಳನ್ನು ತರುವ ನೀತಿಯನ್ನು ಸಮರ್ಥಿಸಿ ಕಟುವಾದ ಟೀಕೆಯನ್ನೂ ಉಂಡ. ಆಟದ ಅಂಗಳದಲ್ಲಿ ಕಲಿತದ್ದೆಲ್ಲ ಮಂತ್ರಿಯ ಮೇಜಿನ ಮೇಲೆ ಉಪಯೋಗಕ್ಕೆ ಬರುವುದಿಲ್ಲ. 56ನೆಯ ವಯಸ್ಸಿನಲ್ಲೂ ಬ್ಯಾಟು ಬಿಟ್ಟಿರಲಿಲ್ಲ; ಪಂದ್ಯವೊಂದರಲ್ಲಿ ಚೆಂಡಿನ ಪೆಟ್ಟು ತಗುಲಿದ ಮೇಲೆ ಕಾಯಿಲೆ ಬಿದ್ದು 1913ರ ಜುಲೈ 5ರಂದು ತೀರಿಕೊಂಡ.

ರಾತ್ರಿ ಊಟಕ್ಕೆ ಕುಳಿತಾಗ ಈ ಕಥೆಯನ್ನು ಹೇಳಿದೆ. "ಯಾವ ಕಡೆಯಾದರೂ ಸೇರು ಮಗು. ಸಂತೋಷಕ್ಕೇ ಆಡು. ಆದರೆ ಯಾರೂ ಒಲ್ಲದ ಕೆಲಸ ನಿನ್ನ ಕೈಗೆ ಬಂದ ದಿನ ಹಿಂದೆ ಸರಿಯಬೇಡ" ಎಂದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ನಾಳೆ ಲೆಕ್ಕವನ್ನು ನೀವು ಮಾಡಿಕೊಡುತ್ತೀರಾ?" ಎಂದ. ಅವನ ತಾಯಿ ಸಾರು ಬಡಿಸುತ್ತ ನಗತೊಡಗಿದಳು.